ಆ ಕೂಸಿಗೆ ಉಣಿಸುವವರು ಯಾರು? ಮುಖ್ಯಮಂತ್ರಿಗಳಿಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ, ಮಾನ್ಯ ಸಚಿವರೇ,

ಅಂಗನವಾಡಿ ಮೇಲ್ವಿಚಾರಕಿಯಾಗಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತಳಾದವಳು ನಾನು. ಕೃಷ್ಣಾ, ಭೀಮಾ ನದಿಗಳ ನಡುವಿನ ಸೀಮೆಯಲ್ಲೇ ನನ್ನ ಸೇವೆ ಕಳೆಯಿತು. ಕೆಲಸದಲ್ಲಿದ್ದಾಗ ಬರೆದದ್ದೆಲ್ಲ ವರದಿ. ನಮೂನೆಯಲ್ಲಿ ಜಾಗವಿದ್ದಷ್ಟನ್ನು ತುಂಬಿ ಸಹಿ ಹಾಕುತ್ತಿದ್ದೆ. ಜಾಗವಿಲ್ಲದೆ ಉಳಿದುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ಹತ್ತಿ ಬಿಡಿಸುವ ಕಾಲ. ಒಂದು ಹಳ್ಳಿಯ ಅಂಗನವಾಡಿಯಲ್ಲಿ ತೂಕದ ದಿನ. ಎಂಟು ವರ್ಷದ ಹುಡುಗಿಯೊಬ್ಬಳು ತಂಗಿಯನ್ನು ಸೊಂಟದ ಮೇಲೆ ಹೊತ್ತು ತಂದು, ತೊಲೆಗೆ ಕಟ್ಟಿದ ತಕ್ಕಡಿಯ ಜೋಳಿಗೆಯಲ್ಲಿ ಕೂರಿಸಿದಳು. ತಂಗಿಗೆ ಹಿಂದಿನ ವಾರವಷ್ಟೇ ಎರಡು ವರ್ಷ ತುಂಬಿತ್ತು. ಮುಳ್ಳು 7.9 ಕಿಲೋ ತೋರಿಸಿ ನಿಂತಿತು. ಆ ವಯಸ್ಸಿನ ಹೆಣ್ಣುಮಗು 11.5 ಕಿಲೋ ಆಸುಪಾಸಿನಲ್ಲಿರಬೇಕು. 8.1 ಕಿಲೋಗಿಂತ ಕೆಳಗಿಳಿದರೆ ಅದು ತೀವ್ರ ಕಡಿಮೆ ತೂಕ. ಕಾರ್ಯಕರ್ತೆ ಎಡತೋಳಿಗೆ ಅಳತೆಯ ಪಟ್ಟಿ ಸುತ್ತಿದರು. ಕೆಂಪು ಭಾಗ ಕಂಡಿತು, ಅಂದರೆ ಸುತ್ತಳತೆ 11.5 ಸೆಂಟಿಮೀಟರಿಗೂ ಕಡಿಮೆ. ಇಷ್ಟೆಲ್ಲ ಆಗುವವರೆಗೂ ಮಗು ಅಳಲಿಲ್ಲ. ಜೋಳಿಗೆಯಲ್ಲಿ ಕೂರಿಸಿದ ಕೂಡಲೇ ಓಣಿಯೆಲ್ಲ ಕೇಳುವಂತೆ ಕಿರುಚುವ ಮಗುವೆಂದರೆ ನಮಗೆ ಸಮಾಧಾನ. ಸುಮ್ಮನೆ ಕೂತು ನಮ್ಮನ್ನೇ ನೋಡುವ ಮಗುವೆಂದರೆ ಹೆದರಿಕೆ.

ಆ ಹುಡುಗಿಯ ಹಿಂದೆಯೇ ಅವಳ ಮನೆಗೆ ಹೋದೆ. ಕಣ್ಣು ಮಂಜಾದ ಅಜ್ಜಿ ಬಾಗಿಲಲ್ಲಿ ಕೂತಿದ್ದರು. ಗೂಡಿನಲ್ಲಿ ಅಂಗನವಾಡಿಯಿಂದ ಕೊಟ್ಟ ಪೌಷ್ಟಿಕ ಹಿಟ್ಟಿನ ಪೊಟ್ಟಣ ಇತ್ತು. ಒಂದು ಒಡೆದದ್ದು, ಒಂದು ಒಡೆಯದ್ದು. ಒಡೆದ ಪೊಟ್ಟಣದ ಹಿಟ್ಟನ್ನು ಬೆಲ್ಲ ಹಾಕಿ ಉಂಡೆ ಕಟ್ಟಿ ಮನೆಯ ಮಕ್ಕಳಿಗೆಲ್ಲ ಹಂಚಿದ್ದೆ ಎಂದು ಅಜ್ಜಿ ಮುಚ್ಚುಮರೆಯಿಲ್ಲದೆ ಹೇಳಿದರು. ಹಂಚಿ ತಿನ್ನುವುದನ್ನು ಯಾವ ಬಾಯಿಯಿಂದ ತಪ್ಪೆನ್ನಲಿ? ತಾಯಿ ಬೆಳಿಗ್ಗೆ ಏಳಕ್ಕೆ ಟಂಟಂ ಆಟೋ ಏರಿ ಹತ್ತಿಯ ಹೊಲಕ್ಕೆ ಹೋಗಿದ್ದಳು, ಬರುವುದು ದೀಪ ಹಚ್ಚುವ ಹೊತ್ತಿಗೆ. ಕೂಸು ಅಷ್ಟು ಹೊತ್ತಿಗೆ ತಿಂದದ್ದು ಚಹಾದಲ್ಲಿ ಅದ್ದಿದ ಎರಡು ಬಿಸ್ಕತ್ತು.

ದಾಖಲೆಯ ಪ್ರಕಾರ ಆ ಮನೆಗೆ ಏನೂ ಕೊರತೆಯಿರಲಿಲ್ಲ. ಪಡಿತರದ ಅಕ್ಕಿ ಬರುತ್ತಿತ್ತು. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿತ್ತು. ಮಗುವಿನ ಹೆಸರಿನ ಮುಂದೆ ಪೊಟ್ಟಣ ತಲುಪಿದೆ ಎಂಬ ಗುರುತಿತ್ತು, ಅದರ ಕೆಳಗೆ ನನ್ನ ಸಹಿಯೂ ಇತ್ತು.

ಆ ತಾಯಿಯನ್ನು ಮೂರು ದಿನ ಒಪ್ಪಿಸಿ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿದೆವು. ಹದಿನಾಲ್ಕು ದಿನ ಕೂಲಿ ಬಿಟ್ಟು ಅಲ್ಲಿದ್ದಳು. ಮಗು ಚೇತರಿಸಿಕೊಂಡಿತು, ನಕ್ಕಿತು, ಕೊನೆಯ ದಿನ ತೂಕ ಮಾಡುವಾಗ ಅತ್ತಿತು ಕೂಡ. ಅಲ್ಲಿ ಎರಡು ಗಂಟೆಗೊಮ್ಮೆ ಯಾರೋ ಒಬ್ಬರು ಪಕ್ಕದಲ್ಲಿ ಕೂತು ಉಣಿಸುತ್ತಿದ್ದರು. ಊರಿಗೆ ಬಂದ ಮೇಲೆ ಏಳು ಗಂಟೆಯ ಟಂಟಂ ಹಾಗೆಯೇ ಇತ್ತು. ಎರಡು ತಿಂಗಳಿಗೆ ಮಗು ಮತ್ತೆ ಇಳಿಯಿತು.

ನನಗೆ ಹೇಳುವುದಿರುವುದು ಇಷ್ಟೇ. ನಮ್ಮ ರಾಜ್ಯ ಎಳೆಯ ಮಕ್ಕಳಿಗೆ ಆಹಾರ ಕಳಿಸುವುದನ್ನು ಕಲಿತಿದೆ. ಆದರೆ ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸು ತಾನಾಗಿ ಉಣ್ಣುವುದಿಲ್ಲ, ಅದಕ್ಕೆ ಉಣಿಸಬೇಕು. ಉಣಿಸುವ ಕೈಗಳನ್ನು ಬಡತನ ಹೊಲಕ್ಕೂ ಕಟ್ಟಡದ ಕೆಲಸಕ್ಕೂ ಎಳೆದುಕೊಂಡು ಹೋಗಿದೆ. ಆ ಕೈಗಳಿಗೆ ಬದಲಿ ಏನು ಎಂಬುದಕ್ಕೆ ನಮ್ಮ ಯೋಜನೆಗಳಲ್ಲಿ ಇನ್ನೂ ಉತ್ತರವಿಲ್ಲ.

ಮಾಡಿದ್ದನ್ನು ಮರೆತು ದೂರು ಹೇಳುವವಳಲ್ಲ ನಾನು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ, ನೂರು ಅಂಗನವಾಡಿಗಳೊಂದಿಗೆ. ಇವತ್ತು ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. 2013ರಲ್ಲಿ ಕ್ಷೀರಭಾಗ್ಯ ಬಂದಾಗ, ಮನೆಯಲ್ಲಿ ಹಾಲನ್ನೇ ಕಾಣದ ಮಕ್ಕಳು ಲೋಟ ಹಿಡಿದು ಸಾಲಾಗಿ ಕೂತದ್ದನ್ನು ಕಂಡಿದ್ದೇನೆ. 2017ರ ಅಕ್ಟೋಬರ್ 2ರಿಂದ ರಾಜ್ಯದ ಎಲ್ಲೆಡೆ ಮಾತೃಪೂರ್ಣ ನಡೆಯುತ್ತಿದೆ. ಬಸುರಿಗೆ, ಬಾಣಂತಿಗೆ ಅನ್ನ, ಬೇಳೆ ಸೊಪ್ಪಿನ ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಉಂಡ ಮೇಲೆ ಕಣ್ಣೆದುರಿಗೇ ಕಬ್ಬಿಣಾಂಶದ ಮಾತ್ರೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆಗೆ ಅವಳ ಹೆಸರಿನಲ್ಲೇ ಒಂದು ತಟ್ಟೆ ಇಟ್ಟ ಯೋಜನೆ ಅದು. ಗೃಹಲಕ್ಷ್ಮಿಯ ದುಡ್ಡಿನಲ್ಲಿ ಮಗುವಿನ ಔಷಧಿ ತಂದವರನ್ನು ಕಂಡಿದ್ದೇನೆ, ಎಮ್ಮೆ ಕೊಳ್ಳಲು ಕೂಡಿಟ್ಟವರನ್ನೂ ಕಂಡಿದ್ದೇನೆ. ಇವನ್ನೆಲ್ಲ ಬಿಟ್ಟಿ ಎಂದು ಹೀಯಾಳಿಸುವವರು ಒಂದು ದಿನ ತೂಕದ ತಕ್ಕಡಿಯ ಪಕ್ಕ ನಿಲ್ಲಬೇಕು.

ಇಷ್ಟಾದರೂ ಲೆಕ್ಕ ಏನು ಹೇಳುತ್ತದೆ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ. 26.1. ಐದನೆಯ ಸುತ್ತಿಗೆ, 2019-21ರ ಹೊತ್ತಿಗೆ, ಅದು ಶೇ. 19.5ಕ್ಕೆ ಇಳಿಯಿತು. ಒಳ್ಳೆಯ ಇಳಿಕೆ. ಆದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ಶೇ. 36.2 ಇದ್ದದ್ದು ಶೇ. 35.4ಕ್ಕೆ ಬಂದು ನಿಂತಿತು. ರಕ್ತಹೀನತೆ ಇರುವ ಮಕ್ಕಳ ಪ್ರಮಾಣ 60.9ರಿಂದ 65.5ಕ್ಕೆ ಏರಿತು. ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ. ರಾಯಚೂರಿನ ಅಪೌಷ್ಟಿಕ ಮಕ್ಕಳ ಸಾವು 2011ರಲ್ಲಿ ಸುದ್ದಿಯಾಗಿ, ವಿಷಯ ಹೈಕೋರ್ಟಿಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ಸಮಿತಿ 2012ರಲ್ಲಿ ವರದಿ ಕೊಟ್ಟಿತ್ತು. ಅದು ಬಂದು ಇಷ್ಟು ವರ್ಷಗಳಾದ ಮೇಲೂ ಈ ಮಾತನ್ನು ಬರೆಯಬೇಕಾಗಿ ಬಂದಿದೆ ಎಂಬುದೇ ನನ್ನ ಸಂಕಟ.

ತೂಕ ಬೇಗ ಇಳಿಯುತ್ತದೆ, ಬೇಗ ಏರುತ್ತದೆ. ಎತ್ತರದ ಲೆಕ್ಕ ಹಾಗಲ್ಲ. ಬೆಳವಣಿಗೆ ಕುಂಠಿತವಾಗುವುದು ಬಸಿರಿನಲ್ಲೇ ಶುರುವಾಗಿ ಬಹುಪಾಲು ಎರಡು ವರ್ಷ ತುಂಬುವಷ್ಟರಲ್ಲಿ ಮುಗಿದುಹೋಗುತ್ತದೆ. ಮಗುವಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಶೇ. 80ರಷ್ಟು ಗಾತ್ರಕ್ಕೆ ಬೆಳೆಯುವುದೂ ಅಷ್ಟರೊಳಗೇ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣಾಂಶದ ಗಂಟು ಆರು ತಿಂಗಳಿಗೆ ಕರಗುತ್ತದೆ. ಆಮೇಲೆ ಎದೆಹಾಲಿನ ಜೊತೆಗೆ ಗಟ್ಟಿ ಆಹಾರ ಬೇಕು. ಕೂಸಿನ ಹೊಟ್ಟೆ ಎಷ್ಟು? ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆಯಲ್ಲಿ ಒಂದು ಹೊತ್ತಿಗೆ ಒಂದು ಲೋಟದಷ್ಟು ಹಿಡಿಸುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸಲ, ನಡುವೆ ಇನ್ನಿಷ್ಟು, ಮೆತ್ತಗೆ ಮಾಡಿ, ಮಾತಾಡಿಸುತ್ತಾ, ಉಗುಳಿದ್ದನ್ನು ಒರೆಸಿ ಮತ್ತೆ ಬಾಯಿಗಿಡುತ್ತಾ ಉಣಿಸಬೇಕು. ಒಂದು ಹೊತ್ತಿನ ಊಟಕ್ಕೆ ಅರ್ಧ ಗಂಟೆ ಬೇಕು. ಎಂಟು ವರ್ಷದ ಅಕ್ಕನಿಂದ ಇದು ಆಗುವ ಕೆಲಸವೇ? ಅವಳು ಅವತ್ತು ಶಾಲೆ ಬಿಟ್ಟು ಬಂದಿದ್ದಳು ಎಂಬುದನ್ನೂ ಹೇಳಿಬಿಡುತ್ತೇನೆ.

ಈಗ ನಮ್ಮ ಏರ್ಪಾಡನ್ನು ನೋಡಿ. ಮೂರರಿಂದ ಆರು ವರ್ಷದವರು ಅಂಗನವಾಡಿಗೆ ಬರುತ್ತಾರೆ. ಅವರಿಗೆ ಬಿಸಿ ಊಟ, ಹಾಲು, ವಾರಕ್ಕೆ ಎರಡು ದಿನ ಮೊಟ್ಟೆ, ಹಾಡು, ಆಟ. ಮೂರು ವರ್ಷದೊಳಗಿನವರಿಗೆ ಮನೆಗೆ ಪೊಟ್ಟಣ. ಎಲ್ಲಕ್ಕಿಂತ ಹೆಚ್ಚು ಬೇಕಾದ ವಯಸ್ಸಿಗೆ ಎಲ್ಲಕ್ಕಿಂತ ದೂರದಿಂದ ಕೊಡುತ್ತಿದ್ದೇವೆ.

ಗ್ವಾಟೆಮಾಲಾ ದೇಶದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ನಡೆದ ಒಂದು ಪ್ರಯೋಗದ ವಿಷಯವನ್ನು ತರಬೇತಿಯೊಂದರಲ್ಲಿ ಕೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಎರಡು ಹಳ್ಳಿಗಳ ಮಕ್ಕಳಿಗೆ ಹಾಲಿನಪುಡಿ ಬೆರೆಸಿದ ಪೌಷ್ಟಿಕ ಗಂಜಿ, ಇನ್ನೆರಡು ಹಳ್ಳಿಗಳವರಿಗೆ ಬರೀ ಸಿಹಿ ಪಾನಕ. ಆ ಮಕ್ಕಳು ದೊಡ್ಡವರಾಗಿ ದುಡಿಯತೊಡಗಿದ ಮೇಲೆ ಸಂಶೋಧಕರು ಹುಡುಕಿ ಹೋಗಿ ಅವರ ಗಳಿಕೆ ಕೇಳಿದರು. ಎರಡು ವರ್ಷದೊಳಗೆ ಗಂಜಿ ಕುಡಿದ ಗಂಡಸರ ಗಂಟೆಯ ಕೂಲಿ ಸುಮಾರು ಶೇ. 46ರಷ್ಟು ಹೆಚ್ಚಿತ್ತು. ಮೂರು ವರ್ಷದ ನಂತರ ಕುಡಿದವರಲ್ಲಿ ಆ ಲಾಭ ಕಾಣಲಿಲ್ಲ. ಹೆಣ್ಣುಮಕ್ಕಳ ಕೂಲಿಯಲ್ಲೂ ಏರಿಕೆ ಕಾಣಲಿಲ್ಲ. ಆ ಗಂಜಿಯನ್ನು ಮನೆಗೆ ಕಟ್ಟಿ ಕಳಿಸುತ್ತಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಊರ ನಡುವಿನ ಕೇಂದ್ರದಲ್ಲಿ ದಿನಕ್ಕೆರಡು ಸಲ ಕುಡಿಸುತ್ತಿದ್ದರು.

ಹಾಗಾದರೆ ಮಾಡಬೇಕಾದದ್ದೇನು? ಬೀಜ ನಿಮ್ಮ ಸರ್ಕಾರದ್ದೇ ಇದೆ. 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ, ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಘೋಷಣೆಯಾಯಿತು. ಹೆಸರೇ ಎಷ್ಟು ಚೆನ್ನಾಗಿದೆ. ನನ್ನ ಸೇವೆಯಲ್ಲಿ ನಾನು ಕಂಡ ಯೋಜನೆಗಳಲ್ಲಿ ಇದಕ್ಕಿಂತ ಒಳ್ಳೆಯ ಯೋಚನೆ ಇನ್ನೊಂದಿಲ್ಲ. ಆದರೆ ಅದನ್ನು ಉದ್ಯೋಗ ಖಾತರಿಯ ಗೂಟಕ್ಕೆ ಕಟ್ಟಿದರು. ಆರೈಕೆದಾರರಿಗೆ ಅದೇ ಲೆಕ್ಕದಲ್ಲಿ ನೂರು ದಿನದ ಕೂಲಿ. ನೂರು ದಿನ ಮುಗಿದರೆ ಅವರು ಎದ್ದು ಹೋಗಬೇಕಿತ್ತು, ಇನ್ನೊಬ್ಬರು ಬರಬೇಕಿತ್ತು. ಹತ್ತು ತಿಂಗಳ ಕೂಸು ಒಂದು ಮಡಿಲಿಗೆ ಒಗ್ಗಿಕೊಳ್ಳಲು ವಾರಗಟ್ಟಲೆ ಹಿಡಿಯುತ್ತದೆ. ಒಗ್ಗಿಕೊಂಡಿತು ಎನ್ನುವಷ್ಟರಲ್ಲಿ ಮಡಿಲೇ ಬದಲಾದರೆ ಆ ಮಗು ಊಟ ಬಿಡುತ್ತದೆ. ಇದನ್ನು ತಿಳಿಯಲು ಪುಸ್ತಕ ಓದಬೇಕಾಗಿಲ್ಲ, ತವರಿಂದ ಮರಳಿದ ಕೂಸಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಲೆಕ್ಕ ಬರೆಯುವವರಿಗೆ ಕಾಯಂ ಜಾಗವಿರುವ ರಾಜ್ಯದಲ್ಲಿ ಕೂಸು ಎತ್ತಿಕೊಳ್ಳುವವರಿಗೂ ಒಂದು ಕಾಯಂ ಜಾಗ ಇರಲಿ. ತಿಂಗಳ ಸಂಬಳ ಕೊಡಿ, ಮೂರು ವರ್ಷ ಒಬ್ಬರೇ ಇರುವ ಹಾಗೆ ಮಾಡಿ.

ಸಮಯದ ಮಾತೂ ಇದೆ. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ, ಮುಚ್ಚುವುದು ನಾಲ್ಕಕ್ಕೆ. ಹತ್ತಿಯ ಟಂಟಂ ಏಳಕ್ಕೇ ಹೊರಡುತ್ತದೆ. ಮೆಣಸಿನಕಾಯಿ ಬಿಡಿಸುವವರು ಇನ್ನೂ ಬೇಗ ಹೋಗುತ್ತಾರೆ. ಕೂಸಿನ ಮನೆ ಆ ಊರಿನ ಕೂಲಿಯ ಹೊತ್ತಿಗೆ ತೆರೆಯಬೇಕು. ಬೆಂಗಳೂರಿನಿಂದ ಇಡೀ ರಾಜ್ಯಕ್ಕೆ ಒಂದೇ ಗಡಿಯಾರ ಇಟ್ಟರೆ ಖಾಲಿ ತೊಟ್ಟಿಲುಗಳ ಕೋಣೆ ಸಿಗುತ್ತದೆ, ಅಷ್ಟೇ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಕಿವುಚಿದ ಅನ್ನ ಬೇಳೆ, ಸಂಜೆ ಮೊಟ್ಟೆಯದೋ ಶೇಂಗಾದ್ದೋ ಒಂದು ಉಂಡೆ. ಈಗ ಕಳಿಸುತ್ತಿರುವ ಪೊಟ್ಟಣವೇ ಅಲ್ಲಿ ಬಾಯಿಗೆ ಮುಟ್ಟುತ್ತದೆ.

ಇನ್ನು ಮೊದಲ ಆರು ತಿಂಗಳ ಮಾತು. ಬರೀ ಎದೆಹಾಲು ಕೊಡಿ ಎಂದು ಗೋಡೆಗೋಡೆಗೆ ಬರೆಸಿದ್ದೇವೆ. ನನಗೆ ಇಬ್ಬರು ಮಕ್ಕಳು. ಇಬ್ಬರಿಗೂ ಹೆರಿಗೆ ರಜೆ ಸಿಕ್ಕಿತು, ಸಂಬಳ ನಿಲ್ಲಲಿಲ್ಲ. ಆ ವರ್ಷಗಳಲ್ಲೇ ನಾನು ಎದೆಹಾಲಿನ ಮಹತ್ವ ಹೇಳಿ ಬಂದ ಮನೆಯ ಬಾಣಂತಿ ನಲವತ್ತನೆಯ ದಿನಕ್ಕೆ ಕಳೆ ತೆಗೆಯಲು ಹೋದಳು. ಆ ನೆನಪು ಇವತ್ತಿಗೂ ಚುಚ್ಚುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ನಾಲ್ಕನೆಯ ಕಲಮು ಪ್ರತಿಯೊಬ್ಬ ಬಸುರಿಗೂ ಬಾಣಂತಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದಂತೆ ಹೆರಿಗೆ ನೆರವು ಕೊಡಬೇಕು ಎನ್ನುತ್ತದೆ. ಸಂಬಳದ ರಜೆ ಇರುವ ನನ್ನಂಥ ಸರ್ಕಾರಿ ನೌಕರರನ್ನೂ ಬೇರೆ ಕಾನೂನಿನಡಿ ಅಂಥದೇ ನೆರವು ಪಡೆಯುವವರನ್ನೂ ಮಾತ್ರ ಬಿಟ್ಟಿದೆ. ಕೇಂದ್ರದ ಮಾತೃ ವಂದನಾ ಯೋಜನೆ 2017ರಲ್ಲಿ ಬಂದಾಗ ಮೊದಲ ಮಗುವಿಗೆ ಮಾತ್ರ 5,000 ರೂಪಾಯಿ ಎಂದಿತು. ಆಮೇಲೆ ಎರಡನೆಯದು ಹೆಣ್ಣಾದರೆ 6,000 ಎಂದು ಸೇರಿಸಿದರು. ಎರಡನೆಯದು ಗಂಡಾದರೆ ಆ ತಾಯಿಯ ಎದೆಗೆ ಹಾಲು ಬೇಡವೇ? ತಮಿಳುನಾಡು 1987ರಿಂದಲೇ ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರಿನಲ್ಲಿ ಹೆರಿಗೆ ನೆರವು ಕೊಡುತ್ತಾ ಬಂದಿದೆ. 2018ರಲ್ಲಿ ಅದನ್ನು ನಗದು ಮತ್ತು ಪೌಷ್ಟಿಕ ಕಿಟ್ ಸೇರಿಸಿ 18,000 ರೂಪಾಯಿಗೆ ಏರಿಸಿತು. ಪಕ್ಕದ ಮನೆಯವರು ಮಾಡಿದ್ದು ನಮ್ಮಿಂದ ಆಗದ ಕೆಲಸವಲ್ಲ. ಹೆರಿಗೆಗೆ ಮೊದಲ ಎರಡು ತಿಂಗಳು, ಆದ ಮೇಲೆ ಆರು ತಿಂಗಳು ಕೂಲಿಗೆ ಹೋಗದೆ ಇರಲು ಎಷ್ಟು ಬೇಕು ಎಂದು ಕೃಷಿ ಕೂಲಿಯ ಕನಿಷ್ಠ ದರದಲ್ಲಿ ಲೆಕ್ಕ ಹಾಕಿ ನೋಡಿ, ಎರಡು ಹೆರಿಗೆಗಳಿಗಾದರೂ ರಾಜ್ಯದ ಬೊಕ್ಕಸದಿಂದ ತುಂಬಿಕೊಡಿ.

ಮಾತೃಪೂರ್ಣದ ಊಟಕ್ಕೆ ದಿನಾ ನಡೆದು ಬರಲಾಗದವರಿದ್ದಾರೆ. ತುಂಬು ಬಸುರಿ ಮಲೆನಾಡಿನ ಏರಿನಲ್ಲಿ ಎರಡು ಕಿಲೋಮೀಟರ್ ಹೇಗೆ ಬರುತ್ತಾಳೆ? ನಮ್ಮ ಸೀಮೆಯಲ್ಲಿ ಅಡ್ಡಿ ಬೇರೆ. ಸಹಾಯಕಿ ಯಾವ ಜಾತಿಯವರು ಎಂದು ಕೇಳಿ ಊಟಕ್ಕೆ ಬರದ ಮನೆಗಳನ್ನು ನಾನು ಕಂಡಿದ್ದೇನೆ. ಕೋವಿಡ್ ಕಾಲದಲ್ಲಿ ಸಾಮಗ್ರಿಯನ್ನೇ ಮನೆಗೆ ಕೊಟ್ಟಾಗ ಅದು ಇಡೀ ಮನೆಗೆ ಹಂಚಿಹೋಯಿತು. ದೂರದವರಿಗೆ ಡಬ್ಬಿಯಲ್ಲಿ ಬೇಯಿಸಿದ ಊಟ ಹೋಗಲಿ, ಜಾತಿಯ ಕಾರಣಕ್ಕೆ ಬರದವರಿಗೆ ಆ ಡಬ್ಬಿ ಬೇಡ. ಆ ವಿಷಯದಲ್ಲಿ ಸರ್ಕಾರ ಮಣಿಯಬಾರದು.

ಗುಳೆ ಹೋದವರ ಮಕ್ಕಳು ನಮ್ಮ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಊರಿನ ದಾಖಲೆಯಲ್ಲಿ ಗುಳೆ ಎಂದು ಬರೆದು ಗೆರೆ ಎಳೆಯುತ್ತೇವೆ. ಬೆಂಗಳೂರಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ಹೆಸರು ಬರೆದುಕೊಳ್ಳುವವರಿಲ್ಲ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಟ್ಟಡದ ಕೆಲಸದಲ್ಲಿ ಶಿಶುಪಾಲನೆಗೆ ಕೋಣೆ ಇರಬೇಕು ಎಂದು 1996ರ ಕಾನೂನು ಹೇಳಿತ್ತು. ಎಷ್ಟು ಕಟ್ಟಡಗಳಲ್ಲಿ ಅಂಥ ಕೋಣೆ ಕಂಡಿದ್ದೀರಿ? ಕಟ್ಟಡ ಕಾರ್ಮಿಕರ ಹೆಸರಿನಲ್ಲಿ ವಸೂಲಾದ ಶೇ. 1ರ ಸೆಸ್ಸು ಸಾವಿರಾರು ಕೋಟಿಯಾಗಿದೆ. ಆ ದುಡ್ಡಿನ ಮೊದಲ ಹಕ್ಕುದಾರ ಜಲ್ಲಿ ರಾಶಿಯ ಪಕ್ಕದಲ್ಲಿ ಸೀರೆಯ ಜೋಳಿಗೆಯಲ್ಲಿ ಮಲಗಿರುವ ಕೂಸು.

ಕಾರ್ಯಕರ್ತೆಯರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅವರೇ ಫ್ರೀಡಂ ಪಾರ್ಕಿಗೆ ಬಂದು ಹೇಳಿದ್ದಾರೆ. ಒಂದು ಮಾತು ಮಾತ್ರ. ಮೂರು ವರ್ಷದೊಳಗಿನವರೂ ಸೇರಿ ಒಂದು ಮಗುವಿನ ಆಹಾರಕ್ಕೆ ದಿನಕ್ಕೆ 8 ರೂಪಾಯಿ ಎಂದು ಕೇಂದ್ರ 2017ರಲ್ಲಿ ಗೊತ್ತು ಮಾಡಿದ ದರ ವರ್ಷಗಟ್ಟಲೆ ಅಲ್ಲೇ ನಿಂತಿತು, ಮೊಟ್ಟೆಯ ಬೆಲೆ ನಿಲ್ಲಲಿಲ್ಲ. ದರ ಏರಿದ ದಿನಗಳಲ್ಲಿ ಕೈಯಿಂದ ದುಡ್ಡು ಹಾಕಿ ಮೊಟ್ಟೆ ತಂದು, ಬಿಲ್ಲಿಗೆ ತಿಂಗಳುಗಟ್ಟಲೆ ಕಾದವರನ್ನು ನಾನು ಬಲ್ಲೆ. ಈಗ ಪೊಟ್ಟಣ ಕೊಡುವ ಮೊದಲು ಮೊಬೈಲಿನಲ್ಲಿ ಮುಖ ಹೊಂದಿಸಬೇಕು ಎಂಬ ನಿಯಮ ಬಂದಿದೆ. ತಾಯಿ ಹೊಲದಲ್ಲಿರುತ್ತಾಳೆ, ಪೊಟ್ಟಣಕ್ಕೆ ಬಂದ ಅಜ್ಜಿಯ ಮುಖ ಹೊಂದುವುದಿಲ್ಲ. ಮೊನ್ನೆ ಒಬ್ಬ ಕಾರ್ಯಕರ್ತೆ ಫೋನ್ ಮಾಡಿ, ‘ಅಕ್ಕಾ, ಮಗುವಿನ ಮುಖ ನೋಡಲು ಹೊತ್ತು ಸಿಗುತ್ತಿಲ್ಲ’ ಎಂದರು. ಕೇಂದ್ರದ ಜೊತೆ ನೀವು ಮಾತಾಡಬೇಕು. ಅಜ್ಜಿಗೆ ಕೊಟ್ಟರೂ ಕೊಟ್ಟಂತೆಯೇ ಎಂದು ಹೇಳಬೇಕು.

ದುಡ್ಡು ಎಲ್ಲಿಂದ ಎಂದು ಕೇಳುತ್ತಾರೆ. ಎಲ್ಲವನ್ನೂ ಒಂದೇ ವರ್ಷ ಮಾಡಿ ಎನ್ನುವುದಿಲ್ಲ. ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳದ ಹತ್ತಿ ಮತ್ತು ಮೆಣಸಿನಕಾಯಿಯ ಊರುಗಳಿಂದ ಶುರು ಮಾಡಿ, ಸುಗ್ಗಿಯ ಆರು ತಿಂಗಳು ಬೆಳಿಗ್ಗೆ ಆರೂವರೆಗೆ ತೆರೆಯುವ ಕೂಸಿನ ಮನೆಗಳನ್ನು ನಡೆಸಿ ನೋಡಿ. ಮೊದಲ ದಿನ ಮತ್ತು ಕೊನೆಯ ದಿನ ಮಕ್ಕಳ ತೂಕ, ಎತ್ತರ ಬರೆದಿಟ್ಟುಕೊಳ್ಳಿ. ಆ ಎರಡು ಸಾಲು ಅಂಕಿಗಳನ್ನು ವಿಧಾನಸಭೆಯಲ್ಲಿ ಓದಿ.

ಅದಕ್ಕೂ ಮೊದಲು ಒಂದು ಬೇಡಿಕೆ ಇದೆ. ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಕಡೆ ಬನ್ನಿ. ಅಂಗನವಾಡಿಗೆ ಬರಬೇಡಿ, ಅಲ್ಲಿ ನಿಮಗಾಗಿ ರಂಗೋಲಿ ಹಾಕಿರುತ್ತಾರೆ. ಬೆಳಿಗ್ಗೆ ಏಳಕ್ಕೆ ಊರ ಮುಂದಿನ ಕಟ್ಟೆಯ ಹತ್ತಿರ, ಟಂಟಂ ನಿಲ್ಲುವಲ್ಲಿ ಬನ್ನಿ. ಬುತ್ತಿಯ ಗಂಟು ಹಿಡಿದು ಹತ್ತುವ ತಾಯಂದಿರನ್ನು ನೋಡಿ, ಅವರು ಕೈಬಿಡಿಸಿಕೊಂಡು ಹತ್ತುವಾಗ ಕೆಳಗೆ ಉಳಿಯುವ ಕೂಸುಗಳನ್ನು ನೋಡಿ. ಗಾಡಿ ಹೋದ ಮೇಲೂ ಹತ್ತು ನಿಮಿಷ ಅಲ್ಲೇ ನಿಂತಿರಿ. ನಾನೂ ಬರುತ್ತೇನೆ.

ಇತಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ